ಹಿರಿಯರೂ ಕರೆ ಮಾಡುವಂತಿರಲಿ

ಹಿರಿಯರನ್ನು ಮನೆಮಂದಿಯೊಂದಿಗೆ ಬೆಸೆಯುವ ತಂತ್ರಜ್ಞಾನದ ಮಾತು ಬಂದಾಗಲೆಲ್ಲ ವಿನ್ಯಾಸಕರ ಕಿವಿಗೆ ಮೊದಲು ಬೀಳುವುದು ಮಕ್ಕಳ ಆತಂಕ: ಅಮ್ಮ ಎದ್ದರೇ, ಮಾತ್ರೆ ತೆಗೆದುಕೊಂಡರೇ, ಎಲ್ಲಾದರೂ ಬಿದ್ದಿಲ್ಲ ತಾನೇ? ಈ ಆತಂಕ ಸಹಜವಾದದ್ದೇ. ಆದರೆ ಅದೊಂದನ್ನೇ ಮುಂದಿಟ್ಟುಕೊಂಡು ರೂಪಿಸಿದ ಸಾಧನದಲ್ಲಿ ಹಿರಿಯರು ಕೇವಲ ನಿಗಾಕ್ಕೆ ಒಳಗಾದವರಾಗಿ ಉಳಿಯುತ್ತಾರೆ. ತಾವಾಗಿ ಏನನ್ನಾದರೂ ಕಳುಹಿಸುವ, ವಿಚಾರಿಸುವ, ಬೇಡವೆನ್ನುವ ಅವಕಾಶ ಅವರಿಗೆ ಸಿಗುವುದಿಲ್ಲ.

ಅಮೆರಿಕದ ಜಾರ್ಜಿಯಾ ಟೆಕ್ ಸಂಶೋಧಕರು 2001ರಲ್ಲಿ ಮುಂದಿಟ್ಟ 'ಡಿಜಿಟಲ್ ಫ್ಯಾಮಿಲಿ ಪೋರ್ಟ್ರೇಟ್' ಸೊಗಸಾದ ಕಲ್ಪನೆಯಾಗಿತ್ತು. ದೂರದಲ್ಲಿರುವ ಹಿರಿಯರ ಭಾವಚಿತ್ರವನ್ನು ಮಕ್ಕಳ ಮನೆಯಲ್ಲಿ ಇರಿಸಿ, ಅದರ ಚೌಕಟ್ಟಿನ ಸಣ್ಣ ಚಿತ್ರಗಳ ಮೂಲಕ ಆ ಹಿರಿಯರ ದಿನದಿನದ ಚಟುವಟಿಕೆಯನ್ನು ತಿಳಿಸುವ ಏರ್ಪಾಡು ಅದು. ಮಕ್ಕಳ ಮನಸ್ಸಿಗೆ ನೆಮ್ಮದಿ ಕೊಡುವ ಇಂಥ ವ್ಯವಸ್ಥೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೂ ನನ್ನ ಒಲವು 2003ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದ ಕಡೆಗಿದೆ. 'ಮೆಸೇಜ್‌ಪ್ರೋಬ್' ಎಂಬ ಆ ಸಾಧನದಲ್ಲಿ ಒಬ್ಬರು ಪೆನ್ನು ಹಿಡಿದು ಪರದೆಯ ಮೇಲೆ ಗೀಚಿದ್ದು ಸಂಬಂಧಿಕರ ಮನೆಯ ಪರದೆಯಲ್ಲೂ ಕಾಣಿಸುತ್ತಿತ್ತು. ಅಲ್ಲಿ ಎರಡೂ ಕಡೆಯವರು ಸಮಾನರು, ಯಾರು ಬೇಕಾದರೂ ಮೊದಲು ಬರೆಯಬಹುದಿತ್ತು.

ಮೊದಲು ಬರೆಯಲು ಕೈಗೆ ಪರದೆ ಒಲಿಯಬೇಕಲ್ಲ. ಹಿರಿಯರೊಬ್ಬರು ಮೊಮ್ಮಗಳ ಚಿತ್ರವನ್ನು ಮುಟ್ಟುವುದನ್ನು ಹತ್ತಿರದಿಂದ ನೋಡಿ: ಒಣಗಿದ ಬೆರಳ ತುದಿಯ ಸ್ಪರ್ಶವನ್ನು ಪರದೆ ಕೆಲವೊಮ್ಮೆ ಗುರುತಿಸುವುದೇ ಇಲ್ಲ, ಅವರು ಇನ್ನಷ್ಟು ಗಟ್ಟಿಯಾಗಿ ಒತ್ತಿ ಹಿಡಿಯುತ್ತಾರೆ, ಆಗ ಫೋನು ಅದನ್ನು ಬೇರೆಯದೇ ಆಜ್ಞೆಯೆಂದು ಭಾವಿಸಿ, ಅಳಿಸಬೇಕೇ, ಸರಿಸಬೇಕೇ ಎಂದು ಕೇಳುವ ಪಟ್ಟಿಯನ್ನು ತೆರೆಯುತ್ತದೆ. ಗಾಬರಿಗೊಂಡು ಫೋನನ್ನು ಕೆಳಗಿಡುವ ಆ ಹಿರಿಯರನ್ನು ನಾವು 'ಇವರಿಗೆ ತಂತ್ರಜ್ಞಾನ ಬಾರದು' ಎನ್ನುತ್ತೇವೆ. ಒತ್ತಿ ಹಿಡಿಯುವ ಅವಧಿಯನ್ನು ಹೆಚ್ಚಿಸುವ ಸೌಲಭ್ಯ ಆಂಡ್ರಾಯ್ಡ್‌ನಲ್ಲಿ ಇದ್ದೇ ಇದೆ, ಆದರೆ ಅದು ಸೆಟ್ಟಿಂಗ್ಸ್‌ನ ಒಳಪುಟಗಳಲ್ಲಿ ಅಡಗಿ ಕುಳಿತಿದೆ. ಅದನ್ನು ಮೊದಲ ದಿನವೇ ಕೇಳಿ ಹೊಂದಿಸಬೇಕು. ಕಲಿತ ಗುಂಡಿಯ ಜಾಗವನ್ನು ಪ್ರತಿ ಅಪ್‌ಡೇಟ್‌ನಲ್ಲೂ ಬದಲಿಸುವ ಚಾಳಿಯನ್ನೂ ಬಿಡಬೇಕು.

ಧ್ವನಿಯ ವಿಷಯದಲ್ಲಿ ನಮ್ಮ ಅಲಕ್ಷ್ಯ ಇನ್ನೂ ಹೆಚ್ಚು. ವಯಸ್ಸಾದಂತೆ ಮೊದಲು ಕುಗ್ಗುವುದು ಹೆಚ್ಚಿನ ಕಂಪನಾಂಕದ ಶಬ್ದಗಳನ್ನು ಕೇಳುವ ಶಕ್ತಿ. ಸಾಂಪ್ರದಾಯಿಕ ದೂರವಾಣಿಯು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುವುದರಿಂದ ಸಕಾರ, ಶಕಾರಗಳು ಮತ್ತಷ್ಟು ಮಸುಕಾಗುತ್ತವೆ. ಆದ್ದರಿಂದ ವಿಡಿಯೋ ಕರೆಯಲ್ಲಿ ನೆಟ್‌ವರ್ಕ್ ದುರ್ಬಲವಾದಾಗ ಚಿತ್ರದ ಗುಣಮಟ್ಟ ಇಳಿದರೂ ಸರಿ, ಧ್ವನಿ ಸ್ಪಷ್ಟವಾಗಿ ಉಳಿಯಬೇಕು ಎಂಬುದು ನನ್ನ ನಿಲುವು.

ಇನ್ನು, ತಾನಾಗಿಯೇ ಕರೆಯನ್ನು ಸ್ವೀಕರಿಸಿ ಕ್ಯಾಮೆರಾ ತೆರೆಯುವ ಸಾಧನಗಳಿವೆ. ಕೈ ಅಲುಗಿಸಲಾಗದವರಿಗೆ ಅವು ನಿಜವಾದ ಉಪಕಾರ. ಉಳಿದವರ ಮನೆಯಲ್ಲಿ ಆ ಸೌಲಭ್ಯ ಅವರ ಒಪ್ಪಿಗೆಯಿಲ್ಲದೆ ಚಾಲೂ ಆಗಕೂಡದು. 'ಈಗ ಬೇಡ, ಸಂಜೆ ನಾನೇ ಮಾಡುತ್ತೇನೆ' ಎಂದು ತಿಳಿಸುವ ದೊಡ್ಡ ಗುಂಡಿಯೊಂದು ಕರೆ ಸ್ವೀಕರಿಸುವ ಗುಂಡಿಯ ಪಕ್ಕದಲ್ಲೇ ಇರಲಿ, ಸಂಜೆಯಾದಾಗ ಅದನ್ನು ನೆನಪಿಸುವ ಕೆಲಸವನ್ನು ಸಾಧನ ಮಾಡಲಿ.