ಕೆಂಡವಿಲ್ಲದ ಮನೆಯಲ್ಲಿ ಬುಲ್ಗೋಗಿ

ದಕ್ಷಿಣ ಕೊರಿಯಾದ ಉಲ್ಸಾನ್ ನಗರಕ್ಕೆ ಬಂದ ಹೊಸತರಲ್ಲಿ ಸಹೋದ್ಯೋಗಿಗಳು ನನ್ನನ್ನು ಅದೇ ನಗರದ ಒನ್ಯಾಂಗ್ ಎಂಬಲ್ಲಿಗೆ ಊಟಕ್ಕೆ ಕರೆದೊಯ್ದಿದ್ದರು. ಅಲ್ಲಿಯ ಬುಲ್ಗೋಗಿ ಕೊರಿಯಾದಾದ್ಯಂತ ಹೆಸರುವಾಸಿ. ದನದ ಮಾಂಸವನ್ನು ತೆಳ್ಳಗೆ ಹೆಚ್ಚಿ, ಮಸಾಲೆಯಲ್ಲಿ ಕಲಸಿ, ತಂತಿಯ ಜಾಲರಿಯಲ್ಲಿ ಚಪ್ಪಟೆಯಾಗಿ ಹರಡಿ ಕೆಂಡದ ಮೇಲೆ ಸುಡುತ್ತಾರೆ. ‘ಬುಲ್’ ಎಂದರೆ ಬೆಂಕಿ, ‘ಗೋಗಿ’ ಎಂದರೆ ಮಾಂಸ. ಆ ದಿನ ತಟ್ಟೆಗೆ ಬಿದ್ದದ್ದು ಅಕ್ಷರಶಃ ಅದೇ. ಸೋಲ್ ನಗರದವರ ಬುಲ್ಗೋಗಿ ಬೇರೆ ಜಾತಿಯದು: ನಡುವೆ ಗುಮ್ಮಟದಂತೆ ಉಬ್ಬಿದ ಬಾಣಲೆಯ ಮೇಲೆ ಮಾಂಸ ಬೇಯುತ್ತದೆ, ಸುತ್ತಲಿನ ಅಂಚಿನಲ್ಲಿ ಸಿಹಿಯಾದ ರಸ ನಿಲ್ಲುತ್ತದೆ, ಆ ರಸವನ್ನು ಅನ್ನಕ್ಕೆ ಕಲಸಿಕೊಳ್ಳುತ್ತಾರೆ. ಎರಡೂ ರುಚಿಯೇ, ಆದರೆ ಮನೆಯಲ್ಲಿ ಮಾಡುವವರು ತಮಗೆ ಯಾವುದು ಬೇಕೆಂದು ಮೊದಲೇ ನಿರ್ಧರಿಸಿಕೊಳ್ಳಬೇಕು. ಇಲ್ಲವಾದರೆ ಸುಟ್ಟದ್ದೂ ಅಲ್ಲದ, ಸಾರೂ ಅಲ್ಲದ ಒಂದು ಪದಾರ್ಥ ಸಿದ್ಧವಾಗುತ್ತದೆ. ನಾನು ಅದನ್ನು ಹಲವು ಸಲ ಮಾಡಿ ತಿಂದಿದ್ದೇನೆ.

ಬಹುಮಹಡಿ ಕಟ್ಟಡದ ಮನೆಯಲ್ಲಿ ಕೆಂಡ ಹೊತ್ತಿಸುವಂತಿಲ್ಲವಾದ್ದರಿಂದ, ಗ್ಯಾಸ್ ಒಲೆ ಮತ್ತು ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ ಒನ್ಯಾಂಗ್‌ನ ಸುಟ್ಟ ರುಚಿಗೆ ಎಷ್ಟು ಹತ್ತಿರ ಹೋಗಬಹುದೋ ಅಷ್ಟು ಹೋಗುವುದು ನನ್ನ ಪ್ರಯತ್ನ. ಇಲ್ಲಿಯ ಅಂಗಡಿಗಳಲ್ಲಿ ಬುಲ್ಗೋಗಿಗೆಂದೇ ತೆಳ್ಳಗೆ ಕತ್ತರಿಸಿದ ಮಾಂಸ ಸಿಗುತ್ತದೆ. ‘ಹನು’ ಎಂಬ ದೇಶಿ ತಳಿಯದು ದುಬಾರಿ, ಆಸ್ಟ್ರೇಲಿಯಾದಿಂದ ಬಂದದ್ದು ನನ್ನ ಜೇಬಿಗೆ ಸರಿ. ಹಾಗೆ ಸಿಗದಿದ್ದರೆ ಮಾಂಸದ ತುಂಡನ್ನು ಒಂದು ಗಂಟೆ ಫ್ರೀಜರ್‌ನಲ್ಲಿಟ್ಟು, ಸ್ವಲ್ಪ ಗಟ್ಟಿಯಾದ ಮೇಲೆ, ಎಳೆಗಳಿಗೆ ಅಡ್ಡವಾಗಿ 2ರಿಂದ 3 ಮಿಲಿಮೀಟರ್ ದಪ್ಪಕ್ಕೆ ಕೊಯ್ಯಬೇಕು. ಅನಂತರ ಹಾಳೆಗಳನ್ನು ಕಾಗದದ ಟವೆಲ್ ಮೇಲೆ ಹರಡಿ ರಕ್ತದ ನೀರನ್ನು ಒತ್ತಿ ತೆಗೆಯಬೇಕು. ಬೇಸರದ ಕೆಲಸ, ಆದರೆ ಬಿಟ್ಟರೆ ಮಸಾಲೆ ಹಿಡಿಯುವುದಿಲ್ಲ.

500 ಗ್ರಾಂ ಮಾಂಸಕ್ಕೆ ನಾಲ್ಕು ದೊಡ್ಡ ಚಮಚ ಸೋಯಾ ಸಾಸ್, ಒಂದೂವರೆ ಚಮಚ ಸಕ್ಕರೆ, ಜಜ್ಜಿದ ಐದು ಎಸಳು ಬೆಳ್ಳುಳ್ಳಿ, ಅರ್ಧ ಈರುಳ್ಳಿ ಮತ್ತು ಕಾಲು ಕೊರಿಯನ್ ಮರಸೇಬಿನ ತುರಿ, ಕಾಳುಮೆಣಸಿನ ಪುಡಿ, ಹೆಚ್ಚಿದ ಈರುಳ್ಳಿ ಸೊಪ್ಪು. ಒಂದು ಚಮಚ ಎಳ್ಳೆಣ್ಣೆಯನ್ನು ಎಲ್ಲಕ್ಕಿಂತ ಕೊನೆಯಲ್ಲಿ ಹಾಕಬೇಕು. ಮೊದಲೇ ಹಾಕಿದರೆ ಜಿಡ್ಡು ಮಾಂಸವನ್ನು ಮುಚ್ಚಿ ಉಳಿದ ರುಚಿಯನ್ನು ಒಳಗೆ ಬಿಡುವುದಿಲ್ಲ ಎನ್ನುತ್ತಾರೆ ಇಲ್ಲಿಯವರು. ಅದು ಹುರಿದ ಎಳ್ಳಿನಿಂದ ತೆಗೆದ ಕಂದು ಬಣ್ಣದ ಎಣ್ಣೆಯೇ ಆಗಬೇಕು. ಊರಿನಿಂದ ತಂದ ಒಳ್ಳೆಣ್ಣೆಯನ್ನು ಹಾಕಿ ನೋಡಿದ್ದೇನೆ, ಹಸಿ ಎಳ್ಳಿನ ಆ ಎಣ್ಣೆಗೆ ಈ ಘಮ ಬರುವುದಿಲ್ಲ.

ಮರಸೇಬು ಇರುವುದು ಬರಿಯ ಸಿಹಿಗಲ್ಲ, ಮಾಂಸವನ್ನು ಮೆದುಗೊಳಿಸಲು ಕೂಡ. ಒಮ್ಮೆ ಅದು ಸಿಗದೆ ಇಡೀ ಕಿವಿ ಹಣ್ಣನ್ನು ತುರಿದು ಹಾಕಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟೆ. ಪ್ರೋಟೀನನ್ನು ಒಡೆಯುವ ಕಿಣ್ವ ಕಿವಿ ಹಣ್ಣಿನಲ್ಲಿ ಬಹಳ ಪ್ರಬಲ. ಬೆಳಗ್ಗೆ ಒಂದು ಹಾಳೆಯನ್ನು ಎತ್ತಲು ಹೋದರೆ ಅದು ನೆನೆದ ಕಾಗದದಂತೆ ಬೆರಳಿಗೆ ಅಂಟಿ ಹರಿದುಹೋಯಿತು. ಈಗ ಕಿವಿ ಹಾಕಲೇಬೇಕಾದರೆ ಒಂದೇ ಚಮಚ, ಅದೂ ಅರ್ಧ ಗಂಟೆಗೆ ಮಾತ್ರ. ಮರಸೇಬಾದರೆ ಎರಡು ಗಂಟೆ ಧಾರಾಳ.

ಬಾಣಲೆ ಹೊಗೆಯಾಡುವಷ್ಟು ಕಾದ ಮೇಲೆ, ಮಾಂಸವನ್ನು ಕೈಯಲ್ಲಿ ಮೆಲ್ಲಗೆ ಹಿಂಡಿ, ಮೂರನೆಯ ಒಂದು ಭಾಗವನ್ನಷ್ಟೇ ಹರಡುತ್ತೇನೆ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಕಾವು ಇಳಿದು ನೀರು ಬಿಡುತ್ತದೆ, ಮಾಂಸ ತನ್ನದೇ ನೀರಿನಲ್ಲಿ ಬೂದುಬಣ್ಣಕ್ಕೆ ಬೇಯುತ್ತದೆ. ಒಂದು ನಿಮಿಷ ಸೌಟು ತಾಗಿಸದೆ ಬಿಟ್ಟರೆ ಸಕ್ಕರೆ ಕಂದಾಗಿ, ಅಂಚುಗಳು ಕಪ್ಪಿಗೆ ತಿರುಗಿ, ಸುಟ್ಟ ವಾಸನೆ ಏಳುತ್ತದೆ; ಆಗ ಮಗುಚಿ, ಅರ್ಧ ನಿಮಿಷದಲ್ಲಿ ಇಳಿಸಿ, ಹುರಿದ ಎಳ್ಳು ಉದುರಿಸಬೇಕು. ಬಟ್ಟಲಲ್ಲಿ ಉಳಿದ ಮಸಾಲೆ ರಸವನ್ನು ಕೊನೆಯಲ್ಲಿ ಅಣಬೆಯ ಜೊತೆ ಚೆನ್ನಾಗಿ ಕುದಿಸಿದರೆ ಸೋಲ್ ಕಡೆಯ ರುಚಿಯೂ ಒಂದಿಷ್ಟು ಸಿಗುತ್ತದೆ.

ಅಂಗೈ ಮೇಲೆ ಲೆಟ್ಯೂಸ್ ಎಲೆ, ಅದರ ಮೇಲೆ ‘ಕೆನ್ನಿಪ್’ (ಪೆರಿಲ್ಲಾ ಗಿಡದ) ಎಲೆ, ತುಸು ಅನ್ನ, ಮಾಂಸ, ಚಿಟಿಕೆ ಸಮ್‌ಜಾಂಗ್ (ಹುದುಗಿಸಿದ ಸೋಯಾ ಕಾಳಿನ ಖಾರದ ಗೊಜ್ಜು) ಇಟ್ಟು, ಮಡಚಿ ಪೊಟ್ಟಣ ಕಟ್ಟಿ ಇಡಿಯಾಗಿ ಬಾಯಿಗಿಡಬೇಕು. ಕೆನ್ನಿಪ್ ನಮ್ಮ ದೊಡ್ಡಪತ್ರೆಯಷ್ಟೇ ತೀಕ್ಷ್ಣ, ಘಮ ಮಾತ್ರ ಬೇರೆ. ಒನ್ಯಾಂಗ್‌ನ ಆ ಊಟದಲ್ಲಿ ನಾನು ಈ ಪೊಟ್ಟಣವನ್ನು ಅರ್ಧಕ್ಕೆ ಕಚ್ಚಿ ಅಂಗಿಯ ಮೇಲೆ ಸುರಿಸಿಕೊಂಡಾಗ, ಬಡಿಸುತ್ತಿದ್ದ ‘ಇಮೊ’ (ಇಲ್ಲಿ ಹೋಟೆಲಿನಲ್ಲಿ ಬಡಿಸುವ ಹೆಂಗಸರನ್ನೂ ಚಿಕ್ಕಮ್ಮ ಎಂದೇ ಕರೆಯುತ್ತಾರೆ) ತಾವೇ ಒಂದನ್ನು ಕಟ್ಟಿ, ಇಡಿಯಾಗಿ ನನ್ನ ಬಾಯಿಗಿಟ್ಟು, ನಾನು ನುಂಗುವವರೆಗೂ ಪಕ್ಕದಲ್ಲೇ ನಿಂತಿದ್ದರು.