ಬೋರ್ಡಿನ ಬೆನ್ನು ಮೊದಲು, ಮುಖ ಆಮೇಲೆ

ಆಯುಧಪೂಜೆಗೆ ಮುಂಚಿನ ದಿನ ಮೈಸೂರಿನ ಹಳೇ ಅಂಗಡಿಯಲ್ಲಿ ಒಂದಿಷ್ಟು ಚಿನ್ನ ಮೋರಿಗೆ ಹೋಗುವ ಸಂಭವ ಜಾಸ್ತಿ. ವರ್ಷವೆಲ್ಲ ಊದುಬತ್ತಿ ಹೊಗೆ ಹಿಡಿದ, ಅಂಗಡಿಯ ಹೆಸರನ್ನು ಚಿನ್ನದಲ್ಲಿ ಬರೆದ ಗಾಜಿನ ಬೋರ್ಡನ್ನು ಕೆಳಗಿಳಿಸಿ, ಸೋಪಿನ ನೀರು, ಹಳೇ ಬನಿಯನ್ ತಗೊಂಡು ಎರಡೂ ಕಡೆ ತಿಕ್ಕಿಬಿಡುತ್ತಾರೆ. ಮುಂದೆ ಎಷ್ಟು ತಿಕ್ಕಿದರೂ ಚಿಂತೆಯಿಲ್ಲ, ಅಲ್ಲಿರುವುದು ಬರೀ ಗಾಜು. ಅಕ್ಷರ ಇರುವುದು ಹಿಂದೆ. ಅಲ್ಲಿ ಚಿನ್ನದ ರೇಕನ್ನು, ಅಂದರೆ ತೀರಾ ತೆಳುವಾದ ಚಿನ್ನದ ಹಾಳೆಯನ್ನು, ಗಾಜಿಗೆ ಹಿಡಿದಿಟ್ಟಿರುವುದು ನೀರಿಗೆ ಮೆತ್ತಗಾಗುವ ಜೆಲಾಟಿನ್ ಅಂಟು. ಅದರ ಬೆನ್ನಿಗೆ ಕಾವಲಾಗಿ ಒಂದು ಪದರ ಬಣ್ಣ, ಒಂದು ಪದರ ವಾರ್ನಿಶ್, ಅಷ್ಟೆ. ವಾರ್ನಿಶ್ ಕೂದಲೆಳೆಯಷ್ಟು ಬಿರಿದಿದ್ದರೂ ಸಾಕು, ನೀರು ಒಳಗೆ ನುಗ್ಗಿ ಅಂಟನ್ನು ಸಡಿಲಿಸುತ್ತದೆ. ಬನಿಯನ್ನಿಗೆ ಅಂಟಿಕೊಂಡು ಬರುವ ಹಳದಿ ಚೂರು ಯಾವುದೋ ಅಕ್ಷರದ ತಲೆಕಟ್ಟು.

ಕೈಬರಹದ ಬೋರ್ಡುಗಳನ್ನು ಇಷ್ಟಪಡುವವರು ಮುಂದಿನಿಂದ ಒಂದು ಫೋಟೊ ತೆಗೆದು ಮುಂದಕ್ಕೆ ಹೋಗುತ್ತಾರೆ. ಗಾಜಿನ ಬೋರ್ಡಿನ ಮಟ್ಟಿಗಂತೂ ಅದು ಅರ್ಧ ನೋಟ. ಮಾಡಿದವನ ಕೈ, ಕೆಲಸದ ಗಟ್ಟಿತನ, ಆಮೇಲೆ ಯಾರು ಏನು ಕೆಡಿಸಿದರು ಅನ್ನುವುದೆಲ್ಲ ಬೆನ್ನಲ್ಲಿದೆ.

ಕಾರಣ ಸರಳ. ಮರದ ಹಲಗೆಯ ಮೇಲೆ ಕೊನೆಗೆ ಬರೆಯುವುದನ್ನು ಗಾಜಿನ ಹಿಂದೆ ಮೊದಲು ಬರೆಯಬೇಕು. 18ನೇ ಶತಮಾನದಲ್ಲಿ ಚೀನಾದಿಂದ ಬಂದು ತಂಜಾವೂರು, ಮೈಸೂರುಗಳಲ್ಲಿ ಬೇರೂರಿದ ಗಾಜಿನ ಚಿತ್ರಗಳದ್ದೂ ಇದೇ ಲೆಕ್ಕ. ಕೃಷ್ಣನ ಕಣ್ಣಿನ ಪಾಪೆ ಮೊದಲು, ಆಮೇಲೆ ಬಿಳಿಗುಡ್ಡೆ, ಆಮೇಲೆ ಮೈಬಣ್ಣ, ಹಿನ್ನೆಲೆ ಎಲ್ಲಕ್ಕಿಂತ ಕೊನೆಗೆ. ಮೈಸೂರು ಶೈಲಿಯ ಚಿತ್ರಕಲೆಯಲ್ಲಿ ಗೆಸ್ಸೊ ಎಂಬ ಅಂಟು ಬೆರೆಸಿದ ಲೇಪದ ಉಬ್ಬುಗೆಲಸದ ಮೇಲೆ ಕೂರಿಸುವ ಚಿನ್ನದ ಕಥೆ ಬೇರೆ. ಅಲ್ಲಿ ಚಿನ್ನದ ಮುಖ ನಮ್ಮ ಕಡೆಗಿರುತ್ತದೆ, ತಪ್ಪಿದರೆ ಮೇಲೊಂದು ಚೂರು ಹಾಕಬಹುದು. ಗಾಜಿನಲ್ಲಿ ತಪ್ಪನ್ನು ಮುಚ್ಚುವ ದಾರಿಯೇ ಇಲ್ಲ. ಎಷ್ಟು ಪದರ ಹಾಕಿದರೂ ಎಲ್ಲವೂ ತಪ್ಪಿನ ಹಿಂದೆಯೇ ಹೋಗಿ ಕೂರುತ್ತವೆ.

ಕೆಲಸ ಹೇಗೆ ನಡೆಯುತ್ತದೆ ಎಂದು ಒಮ್ಮೆ ಗೊತ್ತಾದರೆ ಬೋರ್ಡು ಓದುವುದು ಸುಲಭ. ಗಾಜನ್ನು ಮೊದಲು ಸೀಮೆಸುಣ್ಣದ ನುಣ್ಣನೆ ಪುಡಿ, ಸ್ವಲ್ಪ ಸ್ಪಿರಿಟ್ ಹಾಕಿ ಉಜ್ಜುತ್ತಾರೆ. ನೀರು ಹೊಯ್ದರೆ ಹನಿಹನಿಯಾಗಿ ಒಡೆಯದೆ ಒಂದೇ ಹಾಳೆಯಂತೆ ಇಳಿಯಬೇಕು. ಎಲ್ಲಿ ಹನಿ ಒಡೆಯುತ್ತದೋ ಅಲ್ಲಿ ಬೆರಳಿನ ಜಿಡ್ಡಿದೆ, ನಾಳೆ ಅಲ್ಲೇ ಚಿನ್ನ ಏಳುತ್ತದೆ. ಅಂಟಿಗೆ ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರ್ ಕಾಯಿಸಿ, ಕುದಿ ಬರುವ ಮುಂಚೆ ಇಳಿಸಿ, ಔಷಧಿ ತುಂಬುವ ಖಾಲಿ ಜೆಲಾಟಿನ್ ಕ್ಯಾಪ್ಸೂಲ್, ಅಳತೆ 00, ಒಂದು ಹಾಕಿ ಕರಗಿಸಿ, ತೆಳು ಬಟ್ಟೆಯಲ್ಲಿ ಸೋಸಿದರೆ ಆಯಿತು. ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಬೋರ್‌ವೆಲ್ ನೀರು ಮಾತ್ರ ಬೇಡ, ಅದರ ಉಪ್ಪು ಒಣಗಿ ಚಿನ್ನದ ಮುಂದೆ ಬಿಳಿ ಚುಕ್ಕೆಯಾಗಿ ನಿಲ್ಲುತ್ತದೆ. ಜೆಲಾಟಿನ್ ಜಾಸ್ತಿಯಾದರೆ ಚಿನ್ನದ ಮೇಲೆ ಹಾಲು ಚೆಲ್ಲಿದಂತೆ ಮಬ್ಬು, ಕಮ್ಮಿಯಾದರೆ ಹತ್ತಿ ಸೋಕಿದ ಕೂಡಲೇ ಚಿನ್ನ ಹತ್ತಿಯ ಪಾಲು. ಅಂಟನ್ನು ಅವತ್ತಿಂದವತ್ತಿಗೆ ಮಾಡಿಕೊಳ್ಳಬೇಕು, ಇಟ್ಟರೆ ಹಳಸುತ್ತದೆ. ಅಂದ ಹಾಗೆ ಜೆಲಾಟಿನ್ ಪ್ರಾಣಿಯ ಮೂಳೆ, ಚರ್ಮದಿಂದ ಬರುವ ಪದಾರ್ಥ. ಯಾರಾದರೂ ದೇವರಮನೆಯ ಬಾಗಿಲಿನ ಗಾಜಿಗೆ ಇಂಥ ಕೆಲಸ ಕೇಳಿದರೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ರೇಕು ಪುಸ್ತಕದ ಲೆಕ್ಕದಲ್ಲಿ ಬರುತ್ತದೆ, ಒಂದು ಪುಸ್ತಕಕ್ಕೆ 25 ಎಲೆ. ಒಂದೊಂದು ಎಲೆ ಸುಮಾರು 80 ಮಿಲಿಮೀಟರ್ ಚೌಕ, ದಪ್ಪ ಒಂದು ಮೈಕ್ರಾನಿನ ಹತ್ತನೇ ಒಂದು ಭಾಗದಷ್ಟು. ಫ್ಯಾನ್ ಆರಿಸದೆ ಪುಸ್ತಕ ತೆರೆದರೆ ಅಷ್ಟೇ, ಎಲೆ ತಾರಸಿಗೆ ಹಾರುತ್ತದೆ. ಬೆರಳಲ್ಲಿ ಮುಟ್ಟುವಂತಿಲ್ಲ. ಅಳಿಲು ಕೂದಲಿನ ಅಗಲ ಬ್ರಷ್ಷನ್ನು ಒಮ್ಮೆ ಕೆನ್ನೆಗೆ ಸವರಿದರೆ ಬರುವ ಅಷ್ಟೇ ಅಷ್ಟು ಜಿಡ್ಡಿಗೆ ಎಲೆ ಹತ್ತಿಕೊಳ್ಳುತ್ತದೆ. ಅಂಟುನೀರು ಧಾರಾಳವಾಗಿ ಹರಿಸಿದ ಗಾಜಿನ ಹತ್ತಿರ ತಂದರೆ, ಇನ್ನೊಂದಿಷ್ಟು ದೂರ ಇರುವಾಗಲೇ ಎಲೆ ತಾನಾಗಿ ನೆಗೆದು ಗಾಜಿಗೆ ಮೆತ್ತಿಕೊಳ್ಳುತ್ತದೆ. ಎಷ್ಟು ಸಲ ನೋಡಿದರೂ ಸಾಲದ ಕ್ಷಣ ಅದು. ಎಲೆಯ ಮೇಲೆ ಎಲೆ 5 ಮಿಲಿಮೀಟರ್ ಏರಿ ಕೂರಬೇಕು. 60 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಎತ್ತರದ ಒಂದು ಸಾಲು ಹೆಸರಿಗೆ ಉದ್ದಕ್ಕೆ 8, ಎತ್ತರಕ್ಕೆ 2, ಒಟ್ಟು 16 ಎಲೆ. ಒಣಗಿದ ಮೇಲೆ ಬಿರುಕು, ತೂತುಗಳಿಗೆ ಎರಡನೇ ಸಲ ಹಾಕಲು ಉಳಿದ 9 ಎಲೆ ಸರಿಹೋಗುತ್ತದೆ. ಅಲ್ಲಿಗೆ ಒಂದು ಪುಸ್ತಕ ಖಾಲಿ. ಚಿನ್ನ ಕೆರೆದು ಮಾರೋಣ ಎನ್ನುವವರಿಗೆ ಒಂದು ಮಾತು: ಆ 25 ಎಲೆಗಳ ಒಟ್ಟು ತೂಕ ಗ್ರಾಮಿನ ಮೂರನೇ ಒಂದು ಭಾಗವೂ ಆಗುವುದಿಲ್ಲ.

ಒದ್ದೆಯಿದ್ದಾಗ ಮಂಕಾಗಿದ್ದ ಚಿನ್ನ ಒಣಗುತ್ತಾ ಕನ್ನಡಿಯಾಗುತ್ತದೆ. ಹತ್ತಿಯಲ್ಲಿ ಹಗುರಾಗಿ ಸವರಿ, ಬಿಸಿನೀರು ಒಮ್ಮೆ ಹರಿಸಿದರೆ ಹೊಳಪು ಇನ್ನೂ ಏರುತ್ತದೆ. ಇಲ್ಲಿಯವರೆಗೆ ಅಕ್ಷರವೇ ಇಲ್ಲ, ಬರೀ ಚಿನ್ನದ ಪಟ್ಟಿ. ಈಗ ಅದರ ಬೆನ್ನ ಮೇಲೆ ಉಲ್ಟಾ ಅಕ್ಷರ ಬರೆಯುತ್ತಾರೆ. ಕಾಗದದಲ್ಲಿ ನೇರ ಬರೆದು, ಗೆರೆಗುಂಟ ಸೂಜಿತೂತು ಹಾಕಿ, ಕಾಗದ ತಿರುಗಿಸಿ ಸೀಮೆಸುಣ್ಣದ ಪುಡಿ ಕಟ್ಟಿದ ಬಟ್ಟೆಗಂಟು ತಟ್ಟಿದರೆ ಚುಕ್ಕೆಗಳಲ್ಲಿ ಉಲ್ಟಾ ಅಕ್ಷರ ಮೂಡುತ್ತದೆ. ಅದನ್ನು ಹಿಡಿದು ಕಪ್ಪು ಬಣ್ಣ ತುಂಬಿ ಒಂದು ದಿನ ಒಣಗಲು ಬಿಡುತ್ತಾರೆ. ಆಮೇಲೆ ಒದ್ದೆ ಹತ್ತಿಗೆ ಸೀಮೆಸುಣ್ಣ ಹಚ್ಚಿ ಉಜ್ಜಿದರೆ ಬಣ್ಣದ ರಕ್ಷೆ ಇಲ್ಲದ ಚಿನ್ನವೆಲ್ಲ ಹೋಗಿ, ಅಕ್ಷರ ಮಾತ್ರ ಉಳಿಯುತ್ತದೆ. ಮುಂದೆ ಅಂಚುಗೆರೆ, ನೆರಳು, ಹಿನ್ನೆಲೆ ಬಣ್ಣ. ಕೊನೆಗೆ ವಾರ್ನಿಶ್, ಅದೂ ಬಣ್ಣದ ಅಂಚು ದಾಟಿ 2–3 ಮಿಲಿಮೀಟರ್ ಬರೀ ಗಾಜಿನ ಮೇಲೆ ಬರುವ ಹಾಗೆ. ಗಾಜಿನ ಬೋರ್ಡು ಹತ್ತು ವರ್ಷ ಬಾಳುತ್ತದೋ ಎಂಬತ್ತು ವರ್ಷವೋ ಎಂಬುದು ಬಹುಮಟ್ಟಿಗೆ ಈ 2–3 ಮಿಲಿಮೀಟರಿನ ಮೇಲೆ ನಿಂತಿದೆ. ಹಳೇ ಬೋರ್ಡು ಕೈಗೆ ಸಿಕ್ಕರೆ ಮೊದಲು ನೋಡಬೇಕಾದ್ದು ಇದನ್ನೇ. ಕೆಳಗಿನ ಅಂಚನ್ನು ಇನ್ನೂ ಹುಷಾರಾಗಿ ನೋಡಬೇಕು, ಮಳೆಗಾಲದಲ್ಲಿ ಗಾಜಿನ ಬೆವರು ಇಳಿದು ನಿಲ್ಲುವುದು ಅಲ್ಲಿ.

ಉಲ್ಟಾ ಬರೆಯುವುದರಲ್ಲಿ ಕನ್ನಡಕ್ಕೆ ಅದರದ್ದೇ ತಕರಾರುಗಳಿವೆ. ತಲೆಕಟ್ಟು ಎಳೆದು ಬಲಕ್ಕೆ ಮೇಲೆತ್ತುವುದು ಕೈಗೆ ಬಾಲ್ಯದಿಂದ ಬಂದ ರೂಢಿ. ಗಾಜಿನ ಹಿಂದೆ ಅದೇ ಕೊಕ್ಕೆ ಎಡಕ್ಕೆ ಏರಬೇಕು. ಒಂದು ಬೋರ್ಡಿನ ತಲೆಕಟ್ಟುಗಳನ್ನಷ್ಟೇ ಸಾಲಾಗಿ ನೋಡುತ್ತಾ ಹೋಗಿ. ಕೋನ, ದಪ್ಪ, ತುದಿಯ ಚೂಪು ಎಲ್ಲಾ ಕಡೆ ಒಂದೇ ಇದ್ದರೆ ಬರೆದವನು ಪಳಗಿದವನು. ಒಂದೊಂದು ಒಂದೊಂದು ಕಡೆ ವಾಲಿದ್ದರೆ ಕಾಗದದ ಚುಕ್ಕೆಗಳನ್ನು ಹೆದರಿ ಹೆದರಿ ಸೇರಿಸಿದ್ದಾನೆ.

ಇನ್ನು ಒತ್ತಕ್ಷರ. ಅಕ್ಷರದ ಎತ್ತರ 10 ಸೆಂಟಿಮೀಟರ್ ಇದ್ದರೆ ಒತ್ತಿಗೆಂದು ಕೆಳಗೆ ಕನಿಷ್ಠ 5 ಸೆಂಟಿಮೀಟರ್ ಬೇಕೇಬೇಕು, ಮೇಲೆ ಹೇಳಿದ 15ರ ಲೆಕ್ಕ ಬಂದಿದ್ದು ಹಾಗೆ. ಯಾವ ಬೀದಿಯಲ್ಲೂ ಸಿಗುವ ‘ಶ್ರೀ ಲಕ್ಷ್ಮೀ ಸ್ಟೋರ್ಸ್’ ಎಂಬ ಮೂರು ಪದ ತಗೊಳ್ಳಿ. ‘ಕ್ಷ್ಮೀ’ಯಲ್ಲಿ ಕಕಾರದ ಕೆಳಗೆ ಷ ಒತ್ತು, ಅದಕ್ಕೆ ಮ ಒತ್ತು, ಪಕ್ಕದಲ್ಲಿ ದೀರ್ಘ. ಮ ಒತ್ತನ್ನು ಷ ಒತ್ತಿನ ನೇರ ಕೆಳಗೆ ತೂಗುಹಾಕಿದರೆ ಚೌಕಟ್ಟಿಗೆ ತಾಗುತ್ತದೆ. ಅನುಭವಿ ಬರಹಗಾರ ಅದನ್ನು ಬಲಕ್ಕೆ ಸರಿಸಿ ದೀರ್ಘದ ಬುಡದಲ್ಲಿ ಕೂರಿಸುತ್ತಾನೆ, ದೀರ್ಘವನ್ನು ಒಂದೆಳೆ ಮೇಲೆತ್ತುತ್ತಾನೆ. ‘ಸ್ಟೋರ್ಸ್’ನಲ್ಲಿ ಅರ್ಕಾವೊತ್ತು ಪದದ ಕೊನೆಗೆ ಒಂಟಿಯಾಗಿ ನಿಲ್ಲುತ್ತದೆ. ಜಾಗದ ಲೆಕ್ಕ ಮೊದಲೇ ಹಾಕದವನು ಅದನ್ನು ಬಲ ಅಂಚಿಗೆ ಹಿಂಡಿ ತುಂಬಿರುತ್ತಾನೆ. ನೆರಳು ಕೂಡ ಇಲ್ಲಿ ಸುಲಭವಲ್ಲ. ಇಂಗ್ಲಿಷ್ ಅಕ್ಷರಕ್ಕೆ ಎಡಕ್ಕೂ ಕೆಳಕ್ಕೂ 45 ಡಿಗ್ರಿಯಲ್ಲಿ ನೆರಳು ಎಳೆಯುವುದು ಹಳೇ ಪದ್ಧತಿ. ಅದನ್ನೇ ಕನ್ನಡಕ್ಕೆ ಹಾಕಿದರೆ ಮೇಲಿನ ಅಕ್ಷರದ ನೆರಳು ಕೆಳಗಿನ ಒತ್ತಿನ ತಲೆಯ ಮೇಲೆ ಬೀಳುತ್ತದೆ. ಒತ್ತು ಇರುವ ಕಡೆ ನೆರಳನ್ನು ಸಣ್ಣದು ಮಾಡಿದ ಬೋರ್ಡು ಕಂಡರೆ ಒಂದು ನಿಮಿಷ ನಿಂತು ನೋಡಿ. ಕಂಪ್ಯೂಟರಿನಲ್ಲಿ ಮಾಡಿದ ಫ್ಲೆಕ್ಸಿನಲ್ಲಿ ಇಂಥ ಹೊಂದಾಣಿಕೆ ಸಾಮಾನ್ಯವಾಗಿ ಕಾಣುವುದಿಲ್ಲ.

ನಿಜವಾದ ಚಿನ್ನವೋ ಅಲ್ಲವೋ ಎಂದು ತಿಳಿಯಲು ಕೆರೆಯುವ ಅಗತ್ಯವಿಲ್ಲ. ಓರೆ ಬೆಳಕಿನಲ್ಲಿ ನೋಡಿದರೆ 75–80 ಮಿಲಿಮೀಟರಿಗೊಂದರಂತೆ ಎಲೆಗಳು ಏರಿ ಕೂತ ತೆಳು ಗೆರೆ ಕಾಣಬೇಕು. ಬೆನ್ನಿನ ಬಣ್ಣ ಉದುರಿ ಚಿನ್ನ ಮಾತ್ರ ಉಳಿದ ಜಾಗವಿದ್ದರೆ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ. ಚಿನ್ನದ ರೇಕು ಎಷ್ಟು ತೆಳುವೆಂದರೆ ಬೆಳಕು ಅದರೊಳಗಿಂದ ಹಸಿರಾಗಿ ಸೋಸಿ ಬರುತ್ತದೆ. ಹಿತ್ತಾಳೆ ರೇಕಾದರೆ ಗಾಳಿ ತಾಗಿದ ಅಂಚಿನಲ್ಲಿ ಕಂದು ಇಲ್ಲವೇ ಕಿಲುಬಿನ ಹಸಿರು ಹಿಡಿದಿರುತ್ತದೆ. ಗೋಲ್ಡ್ ಪೌಡರ್ ಕಲಸಿ ಬರೆದದ್ದು ಎಂದೂ ಕನ್ನಡಿಯ ಹಾಗೆ ಮುಖ ತೋರಿಸುವುದಿಲ್ಲ, ಹತ್ತಿರದಿಂದ ಮರಳುಮರಳಾಗಿ ಕಾಣುತ್ತದೆ. ಒಂದೇ ಅಕ್ಷರದ ನಡು ಮಂಕು, ಅಂಚು ಕನ್ನಡಿಯಂತಿದ್ದರೆ ಮಾತ್ರ ಅದು ದೋಷವಲ್ಲ. ಬೇಕೆಂದೇ ನಡುವಿನ ಚಿನ್ನವನ್ನು ಎಣ್ಣೆ ಅಂಟಿನಲ್ಲಿ, ಅಂಚಿನದನ್ನು ಜೆಲಾಟಿನಿನಲ್ಲಿ ಕೂರಿಸಿದ್ದಾರೆ. ದುಬಾರಿ ಕೆಲಸ.

ತಗಡಿನ ಬೋರ್ಡಿನ ಬಗ್ಗೆ ಚುಟುಕಾಗಿ. ‘ಎನಾಮೆಲ್ ಬೋರ್ಡ್’ ಎಂದು ಎರಡು ಬೇರೆ ವಸ್ತುಗಳನ್ನು ಕರೆಯುತ್ತಾರೆ. ಒಂದು, ಉಕ್ಕಿನ ಮೇಲೆ ಗಾಜಿನ ಪುಡಿ ಹಾಕಿ ಸುಮಾರು 800 ಡಿಗ್ರಿಯಲ್ಲಿ ಸುಟ್ಟ ಪಿಂಗಾಣಿ ಬೋರ್ಡು, ಇದು ಕೈಬರಹವಲ್ಲ, ಅಚ್ಚಿನ ಕೆಲಸ. ಮೊಳೆ ತೂತಿನ ಸುತ್ತ ಚಕ್ಕೆ ಎದ್ದು ತುಕ್ಕು ಹಿಡಿಯುವುದು ಇದರ ಹಣೆಬರಹ. ಇನ್ನೊಂದು ಎನಾಮೆಲ್ ಪೇಂಟಿನಲ್ಲಿ ಬರೆದ ಜಿಂಕ್ ಶೀಟು. ಹೊಸ ಜಿಂಕ್ ಶೀಟಿಗೆ ನೇರವಾಗಿ ಎನಾಮೆಲ್ ಹೊಡೆದರೆ ಎಣ್ಣೆಯ ಆಮ್ಲವೂ ಸತುವೂ ಸೇರಿ ನಡುವೆ ಸಾಬೂನಿನಂಥ ಪದರ ಕಟ್ಟುತ್ತದೆ, ಒಂದೆರಡು ವರ್ಷಕ್ಕೆ ಬಣ್ಣ ಹಪ್ಪಳದಂತೆ ಏಳುತ್ತದೆ. ಅದಕ್ಕೇ ಬಿಸಿಲುಮಳೆಗೆ ಬಿದ್ದು ಮಂಕಾದ ಶೀಟು ಇಲ್ಲವೇ ಲೋಹವನ್ನು ಕೊಂಚ ಕೊರೆದು ಹಿಡಿಯುವ ಎಚ್ (etch) ಪ್ರೈಮರ್ ಬೇಕು. ಹಪ್ಪಳ ಎದ್ದ ಹಳೇ ಬೋರ್ಡನ್ನು ಉಪ್ಪುಕಾಗದ ಹಾಕಿ ಉಜ್ಜಬೇಡಿ. ಮನೆಬಳಕೆಯ, ಅಲಂಕಾರದ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಹಳದಿ, ಕೆಂಪು ಬಣ್ಣದ ಧೂಳು ಮೂಗಿಗೆ ಹೋಗಬಾರದು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುವುದೂ ಬೇಡ. ಅವತ್ತಿಗೆ ಮಿಂಚುತ್ತದೆ, ಆಮೇಲೆ ದೂಳನ್ನೆಲ್ಲ ಮೈಗೆ ಅಂಟಿಸಿಕೊಳ್ಳುತ್ತದೆ.

ಕುಂಚದ ಗುರುತು ನೋಡಲು ಹೊತ್ತು ಮುಖ್ಯ. ಮೈಸೂರಿನ ದೇವರಾಜ ಮಾರುಕಟ್ಟೆಯ ಸಯ್ಯಾಜಿರಾವ್ ರಸ್ತೆ ಬದಿಯಂತೆ ಪೂರ್ವಕ್ಕೆ ಮುಖ ಮಾಡಿದ ಸಾಲಿಗೆ ಬೆಳಿಗ್ಗೆ ಎಂಟಕ್ಕೆ ಹೋದರೆ ಬಿಸಿಲು ನೇರ ಬಡಿದು ಎಲ್ಲ ಚಪ್ಪಟೆಯಾಗಿ ಕಾಣುತ್ತದೆ. ಹನ್ನೊಂದೂವರೆ ಹೊತ್ತಿಗೆ ಹೋಗಿ. ಬೆಳಕು ಗೋಡೆ ಸವರಿಕೊಂಡು ಇಳಿಯುವಾಗ ಕುಂಚ ಎಲ್ಲಿ ಶುರುವಾಗಿ ಎಲ್ಲಿ ಎತ್ತಿತು ಎಂಬುದು ಕಾಣುತ್ತದೆ, ಮೇಲೆ ಬಳಿದ ಬಣ್ಣದ ಅಡಿಯಿಂದ ಹಿಂದಿನ ಅಂಗಡಿಯ ಹೆಸರು ಉಬ್ಬಿಕೊಂಡು ಕಾಣುವುದೂ ಉಂಟು.

ಕಾಲ ಗುರುತಿಸಲು ಅಕ್ಷರದ ಶೈಲಿಗಿಂತ ವಿಳಾಸವನ್ನು ನಂಬಬಹುದು. ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಳೆಯದಲ್ಲ. ಪಿನ್‌ಕೋಡಿನ ಬದಲು ‘ಮೈಸೂರು–1’ ಎಂದಿದ್ದರೆ ಹಳೆಯದಿರಬಹುದು, ಖಾತ್ರಿಯಿಲ್ಲ, ಆ ಅಭ್ಯಾಸ ಆಮೇಲೂ ಉಳಿದಿತ್ತು. ಊರಿನ ಮುಂದೆ ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕೆ ಮುಂಚಿನದೆನ್ನಬಹುದು. ಫೋನ್ ನಂಬರು ಈಗಿನ ಏಳಂಕಿಗಿಂತ ಚಿಕ್ಕದಿದ್ದರೆ ಒಳ್ಳೆಯ ಸುಳಿವು. ಇಂಗ್ಲಿಷಿನಲ್ಲಿ ಊರಿನ ಹೆಸರಿನ ಕೊನೆಗೆ ‘ಯು’ ಬಂದಿದ್ದರೆ 2014ರ ನವೆಂಬರಿನ ನಂತರದ್ದು. ಆದರೆ ಫೋನ್ ಸಾಲನ್ನು ಬೇರೆ ಕೈ, ಬೇರೆ ಕುಂಚ ಆಮೇಲೆ ಸೇರಿಸಿರುತ್ತದೆ. ಅಂಕಿಗಳ ದಪ್ಪವನ್ನು ಹೆಸರಿನ ಗೆರೆಗಳ ಜೊತೆ ಹೋಲಿಸಿ ನೋಡದೆ ತೀರ್ಮಾನಕ್ಕೆ ಬರಬೇಡಿ.

ಗಾಜಿನ ಬೋರ್ಡು ಕೊಂಡಿರೋ, ಅಂಗಡಿ ಒಡೆಯುವಾಗ ಕೇಳಿ ತಂದಿರೋ, ಮನೆಗೆ ಸಾಗಿಸುವಾಗ ಮಲಗಿಸಬೇಡಿ, ನಿಲ್ಲಿಸಿಕೊಂಡೇ ಬನ್ನಿ. ಆಟೋದ ಕುಲುಕಾಟಕ್ಕೆ ಮಲಗಿದ ಗಾಜು ನಡುವೆ ಬಾಗಿ ಸೀಳುತ್ತದೆ. ಬೆನ್ನಿಗೆ ಬಟ್ಟೆ, ಪೇಪರು, ಬಬಲ್ ರ್‍ಯಾಪ್ ಏನೂ ತಾಗಬಾರದು. ನಾಲ್ಕು ಮೂಲೆಗೆ ಬರೀ ಗಾಜು ಇರುವ ಕಡೆ ಬೆಂಡಿನ ತುಂಡಿಟ್ಟು, ಅದರ ಮೇಲೆ ರಟ್ಟು ಕಟ್ಟಿ. ಎದ್ದ ಚಕ್ಕೆಗೆ ಸೆಲೋಟೇಪ್ ಹಾಕಿದರೆ ಟೇಪ್ ಬಿಚ್ಚುವ ದಿನ ಚಕ್ಕೆಯೂ ಅದರ ಜೊತೆ ಹೊರಡುತ್ತದೆ, ಬಿದ್ದ ಚೂರುಗಳನ್ನು ಒಂದು ಲಕೋಟೆಗೆ ಹಾಕಿಟ್ಟರೆ ಸಾಕು. ಗೋಡೆಗೆ ತೂಗುಹಾಕುವಾಗಲೂ ಅದೇ ಬೆಂಡು, 5 ಮಿಲಿಮೀಟರ್ ಗಾಳಿ ಆಡಲಿ. ಬಚ್ಚಲಿನ ಪಕ್ಕದ ಗೋಡೆ ಬೇಡ. ಮುಂದಿನ ಗಾಜನ್ನು ಒರೆಸಲು ಹಿಂಡಿದ ಬಟ್ಟೆ ಸಾಕು, ಸ್ಪ್ರೇಯನ್ನು ನೇರ ಗಾಜಿಗೆ ಹೊಡೆದರೆ ಅದು ಅಂಚಿನಿಂದ ಹಿಂದಕ್ಕೆ ಇಳಿಯುತ್ತದೆ. ಆಯುಧಪೂಜೆಯ ಗಂಧ, ಕುಂಕುಮವನ್ನು ಚೌಕಟ್ಟಿನ ಮರಕ್ಕೆ ಹಚ್ಚಿ.