ತಬರನ ಕಡತ ಎಲ್ಲಿ ನಿಂತಿತು?

ಪ್ರಶಸ್ತಿ ಬಂದರೂ ಹೆಚ್ಚು ಜನ ನೋಡದೆ ಉಳಿದ ಕನ್ನಡ ಚಿತ್ರಗಳ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ವಿಮರ್ಶಕರು, ಇಲ್ಲವೇ ಸಂಶೋಧಕರು. ಸಂಜೆ ಬಿಡುವಿದ್ದಾಗ, ಮನೆಯಲ್ಲಿ ಯಾರೋ ಹಾಕಿದರೆಂದು ಕುಳಿತು ನೋಡಿದವರು ಏನಂದರು ಎಂಬುದನ್ನು ಯಾರೂ ಬರೆದಿಡುವುದಿಲ್ಲ. ಆ ಮಾತುಗಳಿಗೆ ವಿಮರ್ಶೆಯಷ್ಟೇ ತೂಕವಿದೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ತೂಕವಿದೆ ಎಂಬುದು ನನ್ನ ನಂಬಿಕೆ.

ಗಿರೀಶ್ ಕಾಸರವಳ್ಳಿಯವರು ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿ 1986ರಲ್ಲಿ ಮಾಡಿದ ‘ತಬರನ ಕಥೆ’ಗೆ ಶ್ರೇಷ್ಠ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿಯಾದ ಸ್ವರ್ಣಕಮಲ ಬಂತು, ತಬರಶೆಟ್ಟಿಯ ಪಾತ್ರ ಮಾಡಿದ ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ಎಂಬ ರಾಷ್ಟ್ರಪ್ರಶಸ್ತಿ ಬಂತು. ಕೆಳದರ್ಜೆಯ ನೌಕರನೊಬ್ಬ ತನಗೆ ಬರಬೇಕಾದ ಪಿಂಚಣಿಗಾಗಿ ಕಚೇರಿಗಳಿಗೆ ಅಲೆಯುತ್ತಿರುವಾಗ, ಮನೆಯಲ್ಲಿ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲು ಕೊಳೆಯುತ್ತ ಹೋಗುತ್ತದೆ. ನಿರ್ದಯ ವ್ಯವಸ್ಥೆಯ ಚಿತ್ರಣವೆಂದು ಇದನ್ನು ಕೊಂಡಾಡಿದ ಬರಹಗಳನ್ನು ನಾನು ಓದಿದ್ದೆ, ಒಪ್ಪಿಯೂ ಇದ್ದೆ. ಆದರೆ ತಾಲ್ಲೂಕು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರಾಗಿದ್ದು ನಿವೃತ್ತರಾದ ನಮ್ಮ ಸೋದರಮಾವ ಚಿತ್ರ ನೋಡುತ್ತ ಹೇಳಿದ್ದೇ ಬೇರೆ. ‘ಇಲ್ಲಿ ಕೆಟ್ಟವರು ಅಂತ ಯಾರೂ ಇಲ್ಲ ಕಣಪ್ಪ. ವಸೂಲಿ ಬಾಕಿ ಇವನ ತಲೆ ಮೇಲಿದೆ. ಬಾಕಿ ಏನೂ ಇಲ್ಲ ಅನ್ನೋ ಬೇಬಾಕಿ ಪತ್ರ ಇಲ್ಲದೆ ಯಾವ ಗುಮಾಸ್ತನೂ ಫೈಲು ಮೇಲಕ್ಕೆ ಕಳಿಸೋದಿಲ್ಲ. ಕಳಿಸಿದರೆ ನಾಳೆ ಆಡಿಟ್‌ನಲ್ಲಿ ಅವನ ಕುತ್ತಿಗೆಗೇ ಬರುತ್ತೆ’ ಎಂದರು. ನಾನು ಅಲ್ಲಿಯವರೆಗೆ ಉಡಾಫೆ ಎಂದು ತಿಳಿದಿದ್ದದ್ದು ಭಯ ಎಂದು ಆಗ ಕಂಡಿತು. ಮೇಜಿನ ಆಚೆ ಕುಳಿತವನೂ ತನ್ನ ಪಿಂಚಣಿಯನ್ನು ಉಳಿಸಿಕೊಳ್ಳಲು ಒದ್ದಾಡುತ್ತಿದ್ದಾನೆ ಎಂದು ತಿಳಿದ ಮೇಲೆ ಚಿತ್ರದ ಕ್ರೌರ್ಯ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಹೆಂಡತಿಯ ಕಾಲನ್ನು ಕತ್ತರಿಸಿಕೊಡು ಎಂದು ತಬರ ಕಟುಕನನ್ನು ಬೇಡುವ ಹಂತಕ್ಕೆ ಬಂದಾಗ ಮಾವ ಎದ್ದು ಹೊರಗೆ ಹೋದರು. ತಾವು ಒಂದು ಸಹಿಗಾಗಿ ತಡೆಹಿಡಿದಿದ್ದ ಜವಾನನೊಬ್ಬನ ಕಾಗದಗಳ ವಿಷಯವನ್ನು ಅವರು ಹೇಳಿದ್ದು ಆ ರಾತ್ರಿ ಊಟವಾದ ಮೇಲೆ. ಇಂಥ ನೋಟ ನಲವತ್ತು ವರ್ಷ ಕಡತ ಕಟ್ಟಿದವರಿಗೆ ಮಾತ್ರ ಸಾಧ್ಯ.

ದೂರದರ್ಶನಕ್ಕಾಗಿ ಶಂಕರ್ ನಾಗ್ ಅವರು ಹೆಚ್ಚಾಗಿ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲೂ ಹೀಗೆ ಮರೆಯಾಗಿ ಉಳಿದ ಕಂತುಗಳಿವೆ. ಸ್ವಾಮಿಯ ಪಾತ್ರದ ಮಾಸ್ಟರ್ ಮಂಜುನಾಥ್ ಎಲ್ಲರಿಗೂ ನೆನಪಿದ್ದಾರೆ. ಬಿಡಿ ಕಥೆಗಳ ಕಂತುಗಳು ಅಷ್ಟಾಗಿ ನೆನಪಿಲ್ಲ. ‘ಲೀಲಾಳ ಗೆಳೆಯ’ ಅಂಥದ್ದೊಂದು ಕಥೆ. ಪುಟ್ಟ ಲೀಲಾಳ ಸರ ಕಾಣೆಯಾಗುತ್ತದೆ, ಅವಳಿಗೆ ಪ್ರಾಣದಂತಿದ್ದ ಕೆಲಸದಾಳು ಸಿದ್ದನ ಮೇಲೆ ಆರೋಪ ಬರುತ್ತದೆ, ಕೊನೆಗೆ ಸರ ಹುಣಸೆಹಣ್ಣಿನ ಪಾತ್ರೆಯಲ್ಲಿ ಸಿಗುತ್ತದೆ. ಸಿಕ್ಕ ಮೇಲೂ ಅಂಥವನನ್ನು ಮನೆಯಲ್ಲಿ ಇಟ್ಟುಕೊಳ್ಳಲಾಗದು ಎಂದೇ ತಂದೆಯ ತೀರ್ಮಾನ. ನಮ್ಮ ಮನೆಗೆ ಅಡುಗೆಗೆ ಬರುವ ಅಕ್ಕ ಇದನ್ನು ನೋಡಿ, ‘ಕೆಲಸದವರ ಮೇಲೆ ಒಂದು ಸಲ ಮಾತು ಬಂದರೆ ಬಂದ ಹಾಗೇ. ಒಡವೆ ಸಿಗಬಹುದು, ಮಾತು ವಾಪಸ್ ಹೋಗಲ್ಲ’ ಎಂದರು. ಮನೆಯವರು ಎದುರಿಗಿಲ್ಲದಿದ್ದರೆ ಬೀರು ಇರುವ ಕೋಣೆಗೆ ತಾವು ಕಸ ಗುಡಿಸಲೂ ಹೋಗುವುದಿಲ್ಲವೆಂದು ಹೇಳಿದರು. ಇಷ್ಟು ವರ್ಷಗಳಲ್ಲಿ ನಮ್ಮ ಮನೆಯಲ್ಲೂ ಅವರು ಹಾಗೆಯೇ ನಡೆದುಕೊಂಡಿದ್ದಾರೆ.

ಎಲ್ಲ ಅಭಿಪ್ರಾಯವೂ ಇಷ್ಟು ಆಳವಾಗಿರುವುದಿಲ್ಲ, ನಿಜ. ಹೆಚ್ಚಿನವರು ‘ಬೋರು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆಗ ಬೇಸರಪಡದೆ, ಎಲ್ಲಿಂದ ಬೋರಾಯಿತು ಎಂದು ಕೇಳಬೇಕು. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ, 1977ರ ಕಪ್ಪು ಬಿಳುಪಿನ ‘ಘಟಶ್ರಾದ್ಧ’ವನ್ನು ಅರ್ಧಕ್ಕೆ ಬಿಟ್ಟ ಕಾಲೇಜು ಹುಡುಗನೊಬ್ಬನನ್ನು ಹಾಗೆ ಕೇಳಿದಾಗ, ‘ಆ ಚಿಕ್ಕ ಹುಡುಗನಿಗೆ ಏನು ನಡೀತಿದೆ ಅಂತಲೇ ಗೊತ್ತಾಗಲ್ಲ, ನನಗೂ ಗೊತ್ತಾಗಲಿಲ್ಲ’ ಎಂದ. ವಿಧವೆ ಯಮುನಕ್ಕನ ದುರಂತವನ್ನು ಏನೂ ಅರಿಯದ ಆ ಹುಡುಗ ನಾಣಿಯ ಕಣ್ಣಿನಿಂದ ತೋರಿಸುವುದೇ ಆ ಚಿತ್ರದ ಜೀವಾಳ. ಅದು ಅವನಿಗೆ ತಟ್ಟಿತ್ತು. ಅದನ್ನು ಅವನು ದೋಷವೆಂದು ಎಣಿಸಿದ್ದ, ಅಷ್ಟೇ. ಈ ಮಾತಾದ ಮೇಲೆ ಅವನು ಉಳಿದರ್ಧವನ್ನೂ ನೋಡಿದ.

‘ಘಟಶ್ರಾದ್ಧ’ದ ಪ್ರತಿಯನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನನಗೆ ಅದು ಬಹಳ ಸಂತೋಷ ಕೊಟ್ಟ ಸುದ್ದಿ. ಆದರೆ ಈ ಚಿತ್ರಗಳು ತೋರಿಸುವ ಬದುಕನ್ನು ಸ್ವತಃ ಕಂಡವರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ, ಮತ್ತು ಅವರ ಮಾತನ್ನು ಉಳಿಸಿಕೊಳ್ಳಲು ದೊಡ್ಡ ಸಂಸ್ಥೆಯೇನೂ ಬೇಕಾಗಿಲ್ಲ, ಪಕ್ಕದಲ್ಲಿ ಕುಳಿತು ಕೇಳುವವರೊಬ್ಬರಿದ್ದರೆ ಸಾಕು. ಮುಂದಿನ ತಿಂಗಳು ತೀರ್ಥಹಳ್ಳಿಯಿಂದ ನಮ್ಮ ದೊಡ್ಡಮ್ಮ ಬರುತ್ತಾರೆ. ತಲೆ ಬೋಳಿಸಿಕೊಂಡು ಒಪ್ಪೊತ್ತಿನ ಊಟದಲ್ಲಿ ಬದುಕಿದ ಬಾಲವಿಧವೆಯೊಬ್ಬರ ಮಡಿಲಲ್ಲೇ ಬೆಳೆದವರು ಅವರು. ಎಂ. ಕೆ. ಇಂದಿರಾ ಅವರ ಕಾದಂಬರಿಯಿಂದ ಪ್ರೇಮಾ ಕಾರಂತರು ಮಾಡಿದ, ಅಂಥದೇ ಬಾಲವಿಧವೆಯೊಬ್ಬಳ ಕಥೆಯಾದ ‘ಫಣಿಯಮ್ಮ’ವನ್ನು ಅವರು ಈವರೆಗೆ ನೋಡಿಲ್ಲ. ಜೊತೆಯಲ್ಲಿ ಕುಳಿತು ನೋಡಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಬರೆಯುತ್ತೇನೆ.